ಸೆರಾಮಿಕ್ ಗ್ರಿಲ್ ಕೊಳ್ಳುವಾಗ ಬಣ್ಣ ಬಿಡಿ, ಗಾಳಿ ಬಾಗಿಲು ನೋಡಿ

ಕಲಬುರಗಿ, ಬೀದರ್ ಕಡೆ ಸೆರಾಮಿಕ್ ಇದ್ದಿಲು ಗ್ರಿಲ್ ವಿಚಾರಿಸುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ತಂದೂರ್ ಇದ್ದೇ ಅದಲ್ರಿ, ಇದ್ಯಾಕ ಬೇಕು?’ ಪ್ರಶ್ನೆ ಸರಿಯಾಗಿಯೇ ಇದೆ. ತಂದೂರಿ ರೊಟ್ಟಿ, ನಾನ್, ಸೀಕ್ ಕಬಾಬ್ ಇಷ್ಟೇ ಬೇಕಿದ್ದರೆ ಮಣ್ಣಿನ ತಂದೂರೇ ಸಾಕು, ದುಡ್ಡು ಉಳಿಸಿಕೊಳ್ಳಿ. ತಂದೂರಿನ ಬಾಯಿ ತೆರೆದಿರುತ್ತದೆ, ಬೆಂಕಿಗೆ ಬೇಕಾದಷ್ಟು ಗಾಳಿ ಸಿಗುತ್ತದೆ, ಅದು ತನ್ನ ಪಾಡಿಗೆ ಉರಿಯುತ್ತದೆ. ಸೆರಾಮಿಕ್ ಗ್ರಿಲ್ ಅಂದರೆ ದಪ್ಪ ಗೋಡೆಯ, ಮೊಟ್ಟೆಯಾಕಾರದ, ಮೇಲ್ಗವಚ ಮುಚ್ಚುವ ಇದ್ದಿಲು ಒಲೆ. ಅದರಲ್ಲಿ ಗಾಳಿ ಒಳಬರುವುದು ತಳದ ಜಾರುಬಾಗಿಲಿನಿಂದ, ಹೊರಹೋಗುವುದು ನೆತ್ತಿಯ ಮುಚ್ಚಳದಿಂದ. ಇವೆರಡನ್ನು ಎಷ್ಟು ತೆರೆದಿಟ್ಟಿದ್ದೀರಿ ಎಂಬುದರ ಮೇಲೆ ಒಳಗಿನ ಶಾಖ ನಿಲ್ಲುತ್ತದೆ. 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಬೆಂಕಿ ಉಳಿಸಬಹುದು, ಮರುದಿನ ಅದೇ ಗ್ರಿಲ್ಲನ್ನು 300 ದಾಟಿಸಿ ನಾನ್ ಸುಡಬಹುದು. ದುಡ್ಡು ಕೊಡುವುದು ಈ ಹಿಡಿತಕ್ಕೆ. ಹಿಡಿತ ಕೊಡದ ಗ್ರಿಲ್, ನೋಡಲು ಎಷ್ಟೇ ಚೆಂದ ಇದ್ದರೂ, ದುಬಾರಿ ಒಲೆಯಷ್ಟೇ.

ಇದರ ಮೂಲ ಜಪಾನಿನ ಅನ್ನ ಬೇಯಿಸುವ ಮಣ್ಣಿನ ಒಲೆ, ಮುಶಿಕಮಾಡೊ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನಿಕರು ಅದನ್ನು ಊರಿಗೆ ಒಯ್ದರು. ಇಂಥ ಗ್ರಿಲ್ ಮಾರುವ ಬಿಗ್ ಗ್ರೀನ್ ಎಗ್ ಕಂಪನಿ ಅಟ್ಲಾಂಟಾದಲ್ಲಿ ಶುರುವಾಗಿದ್ದು 1974ರಲ್ಲಿ, ಇನ್ನೊಂದು ಕಂಪನಿ ಕಮಾಡೊ ಜೋ ಬಂದದ್ದು ಬಹಳ ತಡವಾಗಿ. ಹಳೆಯ ಮಣ್ಣಿನ ಒಲೆ ಬೇಗ ಸೀಳುತ್ತಿತ್ತು, ಈಗಿನ ಸೆರಾಮಿಕ್ ಆ ಶಾಖ ತಡೆಯುತ್ತದೆ. ರಚನೆ ಮಾತ್ರ ಹೆಚ್ಚು ಬದಲಾಗಿಲ್ಲ.

ಅಳತೆ ಹೇಳುವುದು ಜಾಲರಿಯ ಅಡ್ಡಗಲದಲ್ಲಿ. 13 ಇಂಚಿನದು ಸುಮಾರು 35 ಕಿಲೊ ತೂಗುತ್ತದೆ, 18 ಇಂಚಿನದು 70ರಿಂದ 85 ಕಿಲೊ, 24 ಇಂಚಿನದು ನೂರರ ಆಚೆಗೆ. ಐದರಿಂದ ಎಂಟು ಜನರ ಮನೆಗೆ 18 ಇಂಚು ಸರಿ. 13 ಇಂಚಿನದರಲ್ಲಿ ಇಡೀ ರಾನ್ (ಕುರಿಯ ತೊಡೆ) ಹಿಡಿಸುವುದಿಲ್ಲ. ಬಂಧುಬಳಗ ಬಂದಾಗ ಬೇಕಾಗುತ್ತದೆಂದು 24 ಇಂಚು ತಂದವರು ವಾರದ ನಾಲ್ಕು ತುಂಡು ಕೋಳಿಗೂ ಅಷ್ಟೂ ಗೋಡೆ ಕಾಯಿಸುತ್ತ ಕೂರಬೇಕು.

ಹೆಚ್ಚಿನವರಿಗೆ ಮಾಲು ಹೈದರಾಬಾದಿನಿಂದಲೋ ಇನ್ನೂ ದೂರದಿಂದಲೋ ಲಾರಿಯಲ್ಲಿ ಬರುತ್ತದೆ. ಹಾಗಾಗಿ ಡಬ್ಬಿ ಒಡೆದು ನೋಡದೆ ಸಹಿ ಹಾಕಬೇಡಿ. ಒಳಗೆ ಇದ್ದಿಲು ತುಂಬುವ ಸೆರಾಮಿಕ್ ಬೆಂಕಿ ಬುಟ್ಟಿ, ಅದರ ಮೇಲಿನ ಉಂಗುರ, ಮೇಲ್ಗವಚ, ಬುಡ ಇವನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ, ಬಿರುಕಿದ್ದರೆ ಸದ್ದು ಮಂಕಾಗಿ ಸತ್ತುಹೋಗುತ್ತದೆ. ಹೊರಗಿನ ಮೆರುಗಿನಲ್ಲಿ ಜೇಡರಬಲೆಯಂಥ ಕೂದಲೆಳೆ ಗೆರೆ ಕಂಡರೆ ಗಾಬರಿ ಬೇಡ, ಅದು ಮೆರುಗಿನದಷ್ಟೇ. ಉಗುರು ಸಿಕ್ಕಿಕೊಳ್ಳುವ ಗೆರೆ, ಅಥವಾ ಒಳಗೂ ಹೊರಗೂ ಒಂದೇ ಕಡೆ ಕಾಣುವ ಗೆರೆ ಇದ್ದರೆ ವಾಪಸ್ ಕಳಿಸಿ.

ಆಮೇಲೆ ಮೇಲ್ಗವಚದ ಪರೀಕ್ಷೆ. ಮೇಲ್ಗವಚಕ್ಕೂ ಬುಡಕ್ಕೂ ನಡುವೆ ನಾರಿನ ಪಟ್ಟಿ ಅಂಟಿಸಿರುತ್ತಾರೆ, ಗ್ಯಾಸ್ಕೆಟ್ ಅನ್ನುವುದು ಅದಕ್ಕೇ. ಒಂದು ನೋಟನ್ನು ಅಂಚಿನ ಮೇಲಿಟ್ಟು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬರಬೇಕು. ಸುತ್ತ ಎಂಟು ಕಡೆ ಹೀಗೆ ನೋಡಿ. ಒಂದು ಕಡೆ ಸರಕ್ಕನೆ ಜಾರಿದರೆ ಅಲ್ಲಿ ಗಾಳಿ ನುಗ್ಗುತ್ತದೆ. ಸುತ್ತಿನ ಸ್ಟೀಲ್ ಪಟ್ಟಿಯ ಬೋಲ್ಟ್ ಸಡಿಲಿಸಿ ಕವಚವನ್ನು ಸರಿಸಿ ಕೂಡಿಸಬೇಕು. ತಳದ ಜಾರುಬಾಗಿಲು ಪೂರ್ತಿ ಮುಚ್ಚಿದಾಗ ಒಳಗಿನಿಂದ ಟಾರ್ಚ್ ಬಿಡಿ, ಬೆಳಕು ಹೊರಗೆ ಕಾಣಬಾರದು. ಅಗ್ಗದ ಮಾಲಿನಲ್ಲಿ ಸೋಲು ಇಲ್ಲೇ: ಗೋಡೆ ದಪ್ಪ ಇರುತ್ತದೆ, ಬಾಗಿಲು ಮಾತ್ರ ತಗಡಿನ ಸಡಿಲ ತುಂಡು. ಅಂಥದ್ದು 110ರಲ್ಲಿ ಎಂದೂ ನಿಲ್ಲುವುದಿಲ್ಲ.

ಅಂಗಡಿಯವರನ್ನು ಕೇಳಬೇಕಾದ್ದು ಎರಡು. ಬೆಂಕಿ ಬುಟ್ಟಿ ಬಿಡಿಯಾಗಿ ಸಿಗುತ್ತದೆಯೇ? ವರ್ಷಗಳಲ್ಲಿ ಮೊದಲು ಸೀಳುವ ಭಾಗ ಅದು. ಶಾಖ ತಡೆಯುವ ಸೆರಾಮಿಕ್ ಬಿಲ್ಲೆ ಜೊತೆಗೇ ಬರುತ್ತದೆಯೇ, ಬೇರೆ ಕೊಳ್ಳಬೇಕೇ? ಕೆಂಡಕ್ಕೂ ಜಾಲರಿಗೂ ನಡುವೆ ಇಡುವ ಈ ಬಿಲ್ಲೆ ಇಲ್ಲದಿದ್ದರೆ ನಿಧಾನದ ಅಡುಗೆ ಆಗದು. ಅದರ ಬದಲು ಮನೆಯಲ್ಲಿರುವ ಶಹಾಬಾದ್ ಪರ್ಸಿ (ಹಾಸುಗಲ್ಲು) ತುಂಡು ಇಟ್ಟರಾಯಿತು ಅನ್ನುವ ಜಾಣತನ ನಮ್ಮ ಕಡೆ ಬಹಳ. ಬೇಡ. ಅದು ಪದರುಪದರಾದ ಸುಣ್ಣದಕಲ್ಲು, ಒಳಗೆ ತೇವ ಇರುತ್ತದೆ. ನೇರ ಕೆಂಡದ ಮೇಲೆ ಕಾದರೆ ಸಿಡಿದು ಚಕ್ಕೆ ಹಾರುತ್ತದೆ, ಕಣ್ಣಿಗೂ ಬೀಳಬಹುದು. ಇನ್ನು ಆಜೀವ ವಾರಂಟಿ ಎಂದು ಬರೆದಿದ್ದರೆ ಸಾಮಾನ್ಯವಾಗಿ ಅದು ಸೆರಾಮಿಕ್ ಭಾಗಕ್ಕೆ, ಮೊದಲ ಖರೀದಿದಾರರಿಗೆ ಮಾತ್ರ. ಸಾಗಣೆ ಖರ್ಚು ಯಾರದೆಂದು ಬರೆಸಿಕೊಳ್ಳಿ. 80 ಕಿಲೊ ತೂಕದ ಸಾಮಾನಿಗೆ ಅದು ಸಣ್ಣ ಮಾತಲ್ಲ.

ಮಾಳಿಗೆಗೆ ಒಯ್ಯುವಾಗ ಮೇಲ್ಗವಚ ಬಿಚ್ಚಿ, ಬೆಂಕಿ ಬುಟ್ಟಿ, ಉಂಗುರ ಹೊರತೆಗೆದು ಬೇರೆಬೇರೆ ಸಾಗಿಸಿ. ಹಿಂದಿನ ಕೀಲಿನ ಸ್ಪ್ರಿಂಗ್ ಬಿಗಿಯಾಗಿರುತ್ತದೆ, ಬೆರಳು ಜೋಪಾನ. ಕಾಂಕ್ರೀಟ್ ಮಾಳಿಗೆಗೆ ಭಾರದ ಚಿಂತೆ ಇಲ್ಲ. ಹಳೆಯ ತೊಲೆ, ಮಣ್ಣಿನ ಮಾಳಿಗೆ ಮೇಲೆ ಇಡಲೇಬೇಡಿ, ಅಂಗಳದಲ್ಲೇ ಇರಲಿ. ಕಾಲಿನ ಸ್ಟ್ಯಾಂಡ್ ಇಲ್ಲದೆ ನೇರ ಹಾಸುಗಲ್ಲಿನ ಮೇಲೆ ಕೂಡಿಸಬಾರದು, ಅಡಿಗೆ ಎರಡು ಬೆರಳು ಗಾಳಿ ಆಡುವಂತಿರಬೇಕು. ಜಾರುಬಾಗಿಲಿನಿಂದ ಕಿಡಿ ಉದುರುತ್ತದೆ, ಹಾಗಾಗಿ ಅದರ ಮುಂದೆ ತೊಗರಿ ಹೊಟ್ಟು, ಗೋಣಿಚೀಲ ಇಡಬೇಡಿ. ಬೇಸಿಗೆಯ ಸಂಜೆ ಬಿರುಗಾಳಿ ಬೀಸುವ ದಿಕ್ಕಿಗೆ ಬಾಗಿಲು ಮುಖ ಮಾಡಿದ್ದರೆ ಶಾಖ ನಿಮ್ಮ ಕೈಗೆ ಸಿಗುವುದಿಲ್ಲ. ಮುಚ್ಚಿದ ವರಾಂಡ, ಕಿಟಕಿ ಹಾಕಿದ ಪತ್ರಾಸ್ ಶೆಡ್ಡಿನೊಳಗೆ ಹಚ್ಚುವುದಂತೂ ಪ್ರಾಣಕ್ಕೇ ಕುತ್ತು. ಇದ್ದಿಲು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಇದ್ದಿಲಿನ ಮಾತಿಗೆ ಬಂದರೆ ನಮ್ಮ ಜಿಲ್ಲೆಗಳವರು ಅದೃಷ್ಟವಂತರು. ಬಳ್ಳಾರಿ ಜಾಲಿಯ ಇದ್ದಿಲು ಗಟ್ಟಿ, ಹೆಚ್ಚು ಹೊತ್ತು ಉರಿಯುತ್ತದೆ, ತಂದೂರ್ ಹೋಟೆಲಿನವರು ಚೀಲಗಟ್ಟಲೆ ತರಿಸುವ ಕಡೆಯೇ ನಿಮಗೂ ಸಿಗುತ್ತದೆ. ಆದರೆ ಚೀಲ ಬಿಚ್ಚಿ ನೋಡಿ. ಮುಷ್ಟಿ ಗಾತ್ರದ ತುಂಡುಗಳು ಅರ್ಧಕ್ಕಿಂತ ಹೆಚ್ಚಿರಬೇಕು. ಎರಡು ತುಂಡು ಬಡಿದರೆ ಲೋಹದಂಥ ಸದ್ದು ಬರಬೇಕು. ಮುರಿದಾಗ ನಡುವೆ ಕಂದು ಬಣ್ಣ ಕಂಡರೆ ಅದು ಅರೆಸುಟ್ಟದ್ದು; ಗಂಟೆಗಟ್ಟಲೆ ಕಣ್ಣುರಿಸುವ ಬಿಳಿ ಹೊಗೆ ಕೊಟ್ಟು ಮಾಂಸವನ್ನು ಕಹಿ ಮಾಡುತ್ತದೆ. ಇಸ್ತ್ರಿಯವರು ಒಯ್ಯುವ ಸಣ್ಣ ಚೂರು ಇಲ್ಲಿಗೆ ಆಗುವುದಿಲ್ಲ, ತಳದ ತೂತು ಮುಚ್ಚಿ ಗಾಳಿ ಕಟ್ಟುತ್ತದೆ. ಅಚ್ಚಿನಲ್ಲಿ ಒತ್ತಿದ ಇದ್ದಿಲು ಉಂಡೆಗಳೂ ಬೇಡ, ಅವುಗಳ ಬೂದಿ ವಿಪರೀತ. ಕಲ್ಲಿದ್ದಲಂತೂ ಹತ್ತಿರಕ್ಕೂ ತರಬಾರದು.

ಹಚ್ಚಲು ಸೀಮೆಎಣ್ಣೆ, ಪೆಟ್ರೋಲ್, ಯಾವ ದ್ರವವೂ ಬೇಡ. ಸೆರಾಮಿಕ್ ಅದನ್ನು ಹೀರಿಕೊಳ್ಳುತ್ತದೆ, ಮುಂದಿನ ಹತ್ತು ಅಡುಗೆಗೂ ಅದರ ವಾಸನೆ ಬಿಡುವುದಿಲ್ಲ. ತೊಗರಿ ರಾಶಿ ಮುಗಿದ ಮೇಲೆ ಉಳಿಯುವ ಒಣ ತೊಗರಿ ಕಟ್ಟಿಗೆ ಇದ್ದರೆ ಬೆಂಕಿ ಹೊತ್ತಿಸಲು ಅದಕ್ಕಿಂತ ಒಳ್ಳೆಯದು ಇಲ್ಲ: ಗೇಣುದ್ದದ ಐದಾರು ಕಡ್ಡಿ ಸಾಕು, ಭಗ್ಗನೆ ಹತ್ತಿ ಇದ್ದಿಲಿಗೆ ಬೆಂಕಿ ದಾಟಿಸುತ್ತದೆ. ಹೊಗೆಯ ಪರಿಮಳಕ್ಕೆ ಮಾವು, ಪೇರಲದ ಒಣ ತುಂಡು ಎರಡು ಹಾಕಬಹುದು. ಬೇವು ಬೇಡ, ಹೊಗೆ ಕಹಿ.

ಇನ್ನು ಮೊದಲ ಬೆಂಕಿ. 18 ಇಂಚಿನ ಗ್ರಿಲ್‌ಗೆ ಸುಮಾರು 3 ಕಿಲೊ ಇದ್ದಿಲು. ದೊಡ್ಡ ತುಂಡು ತಳಕ್ಕೆ, ಸಣ್ಣವು ಮೇಲಕ್ಕೆ, ಬೆಂಕಿ ಬುಟ್ಟಿಯ ಬದಿಯ ತೂತುಗಳಿಗಿಂತ ತುಸು ಮೇಲೆ ಬರುವಷ್ಟು. ನಡುವೆ ಒಂದೇ ಕಡೆ ಹಚ್ಚಿ. ತಳದ ಬಾಗಿಲು ಪೂರ್ತಿ ತೆರೆದು, ಕವಚ ಎತ್ತಿ ಹತ್ತು ನಿಮಿಷ ಬಿಡಿ. ಅಂಗೈ ಅಗಲದಷ್ಟು ಕೆಂಡವಾದ ಮೇಲೆ ಕವಚ ಮುಚ್ಚಿ, ನೆತ್ತಿಯ ಮುಚ್ಚಳ ತೆರೆದಿಡಿ. ಈಗ ಕಣ್ಣು ಥರ್ಮಾಮೀಟರ್ ಮೇಲಿರಲಿ. ಹಲವು ಗ್ರಿಲ್‌ಗಳ ಮುಳ್ಳು ಫ್ಯಾರನ್‌ಹೀಟಿನಲ್ಲಿರುತ್ತದೆ: 225 ಅಂದರೆ 107 ಸೆಲ್ಸಿಯಸ್, 350 ಅಂದರೆ 177. ಮೇ ತಿಂಗಳ ಮಧ್ಯಾಹ್ನ ಮಾಳಿಗೆಯಲ್ಲಿದ್ದರೆ ಬೆಂಕಿ ಹಚ್ಚುವ ಮೊದಲೇ ಮುಳ್ಳು ಮೇಲೇರಿರುತ್ತದೆ, ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಅನುಮಾನವಿದ್ದರೆ ಬಿಚ್ಚಿ ಅದರ ಕಡ್ಡಿಯನ್ನು ಕುದಿಯುವ ನೀರಿನಲ್ಲಿ ಅದ್ದಿ. ಕಲಬುರಗಿಯ ಎತ್ತರಕ್ಕೆ ಸುಮಾರು 98.5 ಸೆಲ್ಸಿಯಸ್, ಇನ್ನೂ ಎತ್ತರದ ಬೀದರಿನಲ್ಲಿ 98ರ ಆಸುಪಾಸು ತೋರಿಸಬೇಕು. 100 ತೋರಿಸಲೆಂದು ತಿರುಗಿಸಿದರೆ ನೀವೇ ತಪ್ಪು ಕೂಡಿಸಿದಂತೆ.

ಮೊದಲ ನಾಲ್ಕೈದು ಬಾರಿ 175 ದಾಟಿಸಬೇಡಿ. ಗ್ಯಾಸ್ಕೆಟ್ಟಿನ ಅಂಟು ಆ ಶಾಖದಲ್ಲಿ ನಿಧಾನಕ್ಕೆ ಕೂರಬೇಕು. ಮೊದಲ ದಿನವೇ ಸ್ನೇಹಿತರೆದುರು 350ಕ್ಕೆ ಏರಿಸಿದರೆ ಪಟ್ಟಿ ಕರಗಿ ಕಳಚುತ್ತದೆ, ಕೆರೆದು ಹೊಸದು ಅಂಟಿಸುವ ಕೆಲಸ ಮೈಮೇಲೆ ಬರುತ್ತದೆ.

ಎಲ್ಲರೂ ಎಡವುವುದು ಬಾಗಿಲು ಮುಚ್ಚುವ ಹೊತ್ತಿನಲ್ಲಿ. 110 ಬೇಕೆಂದರೆ 110 ಬರುವತನಕ ಕಾಯಬಾರದು. ಮುಳ್ಳು 90 ದಾಟಿದಾಗಲೇ ತಳದ ಬಾಗಿಲನ್ನು ಒಂದು ಬೆರಳಿನಷ್ಟಕ್ಕೆ ತನ್ನಿ, ನೆತ್ತಿಯದನ್ನು ಸಣ್ಣ ಸೀಳಿನಷ್ಟಕ್ಕೆ. ಪ್ರತಿ ಸಲ ತಿರುಗಿಸಿದ ಮೇಲೆ ಹತ್ತು ಹದಿನೈದು ನಿಮಿಷ ಕೈಕಟ್ಟಿ ಕೂರಿ. ಯಾಕೆಂದರೆ ಗಾಳಿ ಮೊದಲು ಕಾಯುತ್ತದೆ, ಗೋಡೆ ಆಮೇಲೆ. ಗೋಡೆ ಒಮ್ಮೆ 160ರವರೆಗೆ ಶಾಖ ಕುಡಿದರೆ ಎರಡೂ ಬಾಗಿಲು ಮುಚ್ಚಿದರೂ ಇಳಿಯಲು ಒಂದು ಗಂಟೆ ಹಿಡಿಯಬಹುದು. ಆಗ ಗಾಬರಿಯಿಂದ ಕವಚ ಎತ್ತಿದರೆ ಕೆಂಡಕ್ಕೆ ಗಾಳಿ ಸಿಕ್ಕಿ ಇನ್ನೂ ಏರುತ್ತದೆ. ಕಡಿಮೆಯಿಂದ ಏರಿಸುವುದು ಸುಲಭ, ಏರಿದ್ದನ್ನು ಇಳಿಸುವುದು ಕಷ್ಟ. ಮಸಾಲೆ ಹಚ್ಚಿದ ಮಾಂಸವನ್ನು ಬಿಳಿ ಹೊಗೆ ಹೋಗಿ, ತೆಳ್ಳಗಿನ ನೀಲಿ ಹೊಗೆ ಉಳಿದ ಮೇಲೆಯೇ ಇಡಿ. ಅದಕ್ಕೆ ಅರ್ಧ ಗಂಟೆ ಬೇಕಾಗಬಹುದು.

ಮೊದಲ ಅಡುಗೆಗೆ ರಾನ್ ಬೇಡ, ಕೋಳಿ ಸಾಕು. ಒಂದೂಕಾಲು ಕಿಲೊದ ಇಡೀ ಕೋಳಿ, ಖಾರ, ಅರಿಶಿನ, ಬೆಳ್ಳುಳ್ಳಿ, ನಿಂಬೆ ಹಚ್ಚಿ, ಬಿಲ್ಲೆಯ ಮೇಲೆ ಜಾಲರಿ, 175ರಲ್ಲಿ ಸುಮಾರು ಒಂದೂಕಾಲು ಗಂಟೆ. ತೊಡೆಯ ದಪ್ಪ ಜಾಗದಲ್ಲಿ, ಎಲುಬಿಗೆ ತಾಗದಂತೆ ಮಾಂಸದ ಥರ್ಮಾಮೀಟರಿನ ಕಡ್ಡಿ ಚುಚ್ಚಿ ನೋಡಿದಾಗ 74 ಆಗಿರಲೇಬೇಕು, 80 ಇದ್ದರೆ ಮಾಂಸ ಎಲುಬು ಬಿಡುತ್ತದೆ. ಕೊನೆಗೆ ಉಳಿದ ಕೆಂಡದ ಮೇಲೆ ಬಿಲ್ಲೆ ತೆಗೆದು (ದಪ್ಪ ಕೈಗವಸು ಬೇಕು, ಬಟ್ಟೆ ತುಂಡಲ್ಲ) ನಾಲ್ಕು ಬದನೆಕಾಯಿ ಸುಟ್ಟುಕೊಂಡರೆ ಜೋಳದ ರೊಟ್ಟಿಗೆ ಪಲ್ಯವೂ ಆಯಿತು. ರಾನ್ ಕೈ ಪಳಗಿದ ಮೇಲೆ: 130ರಿಂದ 150ರ ನಡುವೆ, ಗಂಟೆ ನೋಡದೆ ಮಾಂಸದೊಳಗಿನ ಶಾಖ ನೋಡುತ್ತ, 90ರ ಹತ್ತಿರ ಬರುವತನಕ. ನಾನ್‌ಗೆ ಬಿಲ್ಲೆಯ ಮೇಲೆ ಪಿಜ್ಜಾ ಕಲ್ಲು, 300 ಡಿಗ್ರಿ, ಕಲ್ಲು ಪೂರ್ತಿ ಕಾಯಲು ಮುಕ್ಕಾಲು ಗಂಟೆ.

ಆ ಶಾಖದಲ್ಲಿ ಕವಚವನ್ನು ಒಮ್ಮೆಲೇ ಎತ್ತುವವರ ಹುಬ್ಬು ಉಳಿಯುವುದಿಲ್ಲ. ಗಾಳಿಗೆ ಹಸಿದ ಕೆಂಡಕ್ಕೆ ಉಸಿರು ಸಿಕ್ಕೊಡನೆ ಜ್ವಾಲೆ ಮುಂದಕ್ಕೆ ಚಿಮ್ಮುತ್ತದೆ. ಎರಡು ಬೆರಳಿನಷ್ಟು ಎತ್ತಿ, ನಾಲ್ಕೈದು ಸೆಕೆಂಡ್ ಹಿಡಿದು, ಮತ್ತೆ ಇಳಿಸಿ, ಹೀಗೆ ಎರಡು ಮೂರು ಸಲ ಆದಮೇಲೆ ಪೂರ್ತಿ ತೆರೆಯಿರಿ. ಮುಖ ಪಕ್ಕಕ್ಕಿರಲಿ, ಮಕ್ಕಳು ದೂರ ಇರಲಿ.

ಮುಗಿದ ಮೇಲೆ ನೀರು ಸುರಿಯಬೇಡಿ, ಬಿಸಿ ಸೆರಾಮಿಕ್ ಸೀಳುತ್ತದೆ. ಎರಡೂ ಬಾಗಿಲು ಮುಚ್ಚಿ, ಬೆಂಕಿ ತಾನೇ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ. ಹಚ್ಚುವ ಮೊದಲು ಅದನ್ನು ಕಲಕಿ ಬೂದಿ ಉದುರಿಸಿ, ತಳದಿಂದ ಕೆರೆದು ತೆಗೆಯಿರಿ. ‘ಶಾಖ ಏರವಲ್ದು’ ಅನ್ನುವ ದೂರುಗಳಿಗೆ ಹೆಚ್ಚಾಗಿ ಕಾರಣ ಇದೇ: ತಳದ ತಟ್ಟೆಯ ತೂತು ಬೂದಿಯಿಂದ ಮುಚ್ಚಿರುತ್ತದೆ. ಒಂದು ದಪ್ಪ ತಂತಿ ಬಗ್ಗಿಸಿ ಕೆಳಗಿನಿಂದ ಚುಚ್ಚಿದರೆ ಹತ್ತೇ ನಿಮಿಷದಲ್ಲಿ ಕೆಂಡ ಎದ್ದೇಳುತ್ತದೆ. ಒಳಗೋಡೆಯನ್ನು ಸೋಪಿನಿಂದ ತೊಳೆಯುವ ಅಗತ್ಯವಿಲ್ಲ, ಜಿಡ್ಡು ಹೆಚ್ಚಾದರೆ ಒಮ್ಮೆ 300ಕ್ಕೆ ಏರಿಸಿ ಸುಟ್ಟುಬಿಡಿ. ಮೊದಲ ತಿಂಗಳು ಕಳೆದ ಮೇಲೆ ಸ್ಟೀಲ್ ಪಟ್ಟಿಯ ಬೋಲ್ಟುಗಳಿಗೆ ಪಾನಾ ಹಾಕಿ ನೋಡಿ. ಕಾದು ಆರಿ ಕಾದು ಆರಿ ಅವು ಸಡಿಲಾಗುತ್ತವೆ, ಎತ್ತುವಾಗ ಕವಚ ಪಟ್ಟಿಯಿಂದ ಜಾರಿ ಬಿದ್ದರೆ ಅಲ್ಲಿಗೆ ಮುಗಿಯಿತು.

ಮಳೆಗಾಲದಲ್ಲಿ ಹೊದಿಕೆ ಹಾಕುವುದು ಗ್ರಿಲ್ ಪೂರ್ತಿ ತಣ್ಣಗಾದ ಮೇಲೆ. ಹೊದಿಕೆಯಡಿ ಎರಡೂ ಬಾಗಿಲು ತುಸು ತೆರೆದಿರಲಿ, ಬಿಗಿ ಮುಚ್ಚಿಟ್ಟರೆ ಒಳಗೆ ಬೂಷ್ಟು ಹಿಡಿಯುತ್ತದೆ. ಹಿಡಿದಿದ್ದರೆ ಹಳೆಯ ಇದ್ದಿಲು ಎಸೆದು, ಜಾಲರಿ ಉಜ್ಜಿ, ಹೊಸ ಇದ್ದಿಲಿನಲ್ಲಿ ಮೊದಲು 110ರಲ್ಲಿ ಒಂದು ಗಂಟೆ ಬಿಡಿ. ಗೋಡೆ ಹೀರಿಕೊಂಡ ನೀರು ನಿಧಾನಕ್ಕೆ ಹೊರಬೀಳಬೇಕು, ಒಮ್ಮೆಲೇ ಕಾಯಿಸಿದರೆ ಒಳಗಿನ ಹಬೆಯೇ ಬೆಂಕಿ ಬುಟ್ಟಿಯನ್ನು ಸೀಳುತ್ತದೆ. ಆಮೇಲೆ 300ಕ್ಕೆ ಏರಿಸಿ ಅರ್ಧ ಗಂಟೆ ಸುಟ್ಟು, ಅಡುಗೆಯನ್ನು ಮರುದಿನಕ್ಕೆ ಇಟ್ಟುಕೊಳ್ಳಿ.