ಮುಟ್ಟಿ ನೋಡುವ ಮೇಜಿನ ಹಿಂದೆ ನಿಲ್ಲುವ ವಿದ್ಯಾರ್ಥಿಯನ್ನು ತಯಾರು ಮಾಡುವವರಿಗೆ

ವಸ್ತುಸಂಗ್ರಹಾಲಯಗಳು, ಉತ್ಖನನ ತಾಣಗಳು ನೋಡಲು ಬಂದವರಿಗೆ ವಿವರಿಸುವ ಅರೆಕಾಲಿಕ ಕೆಲಸಕ್ಕೆ ವಿದ್ಯಾರ್ಥಿಗಳನ್ನು ತೆಗೆದುಕೊಂಡಾಗ ಮೊದಲ ದಿನವೇ ನಾಲ್ಕು ಪುಟದ ಬರಹ ಕೊಟ್ಟು ಬಾಯಿಪಾಠ ಮಾಡಲು ಹೇಳುವುದುಂಟು. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲಿಂದಲೇ. ಒಪ್ಪಿಸುತ್ತಿರುವವರನ್ನು ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಎಳೆ ತಪ್ಪುತ್ತದೆ. ಎಳೆ ತಪ್ಪೀತೆಂಬ ಅಂಜಿಕೆಗೆ ಉಸಿರು ಬಿಡದೆ ಮಾತಾಡುವ ರೂಢಿ ಬೀಳುತ್ತದೆ. ಬಂದವರು ತಲೆಯಾಡಿಸಿ ಮುಂದಿನ ಕೋಣೆಗೆ ಹೋಗುತ್ತಾರೆ. ವಿದ್ಯಾರ್ಥಿಗೆ ಮೊದಲು ಕಲಿಸಬೇಕಾದದ್ದು ಪ್ರಶ್ನೆಯನ್ನು ಕೇಳಿಸಿಕೊಳ್ಳುವುದು, ಅದನ್ನು ಕಳೆದುಹೋಗದಂತೆ ಹಿಡಿದಿಡುವುದು.

ಅದಕ್ಕೆ ಒಳ್ಳೆಯ ಜಾಗ, ಬಂದವರು ವಸ್ತುಗಳನ್ನು ಕೈಯಲ್ಲೇ ಹಿಡಿದು ಮುಟ್ಟಿ ನೋಡುವ ಮೇಜು. ಇಡೀ ಕಟ್ಟಡ ಸುತ್ತಿಸುವ ಹೊಣೆ ಮೊದಲ ತಿಂಗಳಲ್ಲಿ ಬೇಡ. ಒಂದು ಮೇಜು, ಹೆಚ್ಚೆಂದರೆ ಐದು ವಸ್ತು, ಸುತ್ತ ಆರೇಳು ಜನ ಸಾಕು. ವಸ್ತುಗಳನ್ನು ಆರಿಸುವುದು ಸಂಗ್ರಹದ ಹೊಣೆ ಹೊತ್ತ ಕ್ಯುರೇಟರ್ ಅವರ ಕೆಲಸ. ಮುಟ್ಟಲೆಂದೇ ಬೇರೆ ಮಾಡಿಟ್ಟ ಸಂಗ್ರಹದಿಂದ ಮಾತ್ರ ತೆಗೆಯಬೇಕು. ಪ್ರತಿಕೃತಿ ಇದ್ದರೆ ಅದು ಪ್ರತಿಕೃತಿ ಎಂದು ಮೊದಲೇ ಹೇಳಿಬಿಡಬೇಕು. ನಿಜವಾದದ್ದೆಂದು ನಂಬಿ ಮುಟ್ಟಿದವರಿಗೆ ಆಮೇಲೆ ಗೊತ್ತಾದರೆ ಉಳಿದ ನಾಲ್ಕು ವಸ್ತುಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಐದರಲ್ಲಿ ಒಂದಾದರೂ ಮಡಕೆಯ ಬಾಯಂಚಿನ ಚೂರಾಗಿರಲಿ. ಅಷ್ಟು ಸಣ್ಣ ವಸ್ತು ಅಷ್ಟು ಮಾತಾಡುವುದು ಅಪರೂಪ. ಹೆಸರು, ಕಾಲ ಏನೂ ಹೇಳದೆ ಬಂದವರ ಕೈಗೆ ಕೊಟ್ಟು ಒಳಮೈ ಮೇಲೆ ಬೆರಳಾಡಿಸಲು ಹೇಳಿ. ಸಮಾನಾಂತರವಾಗಿ ಸುತ್ತಿ ಬರುವ ಸಣ್ಣ ಗೀರುಗಳು ಸಿಕ್ಕರೆ ತಿಗರಿಯ ಮೇಲೆ ತಿರುಗಿದ ಮಡಕೆ ಇರಬಹುದು. ಏರುತಗ್ಗಾಗಿ ಬೆರಳ ಗುಳಿಗಳು ಸಿಕ್ಕರೆ ಕೈಯಲ್ಲೇ ತಟ್ಟಿ ಎತ್ತಿದ್ದಿರಬಹುದು. ಮುಂದೆ ಮುರಿದ ಅಂಚನ್ನು ತೋರಿಸಿ. ಎರಡು ಬದಿ ಕೆಂಪಾಗಿದ್ದು ನಡುವೆ ಕಪ್ಪು ಪಟ್ಟಿ ಕಂಡರೆ, ಸುಡುವಾಗ ಗಾಳಿಯೋ ಹೊತ್ತೋ ಸಾಲದೆ ಮಣ್ಣಿನೊಳಗಿನ ಸಸ್ಯಾಂಶ ಪೂರ್ತಿ ಉರಿದಿಲ್ಲ ಎಂದು ಅರ್ಥ. ಹೊರಮೈಯಲ್ಲಿ ಮಸಿ ಅಂಟಿದ್ದರೆ ಬೆಂಕಿಯ ಮೇಲೆ ಕೂತಿದ್ದಿರಬೇಕು.

ಕೊನೆಗೆ ಅಳತೆ. ಕೈವಾರದಿಂದ ಒಂದೊಂದು ಸೆಂಟಿಮೀಟರ್ ಅಂತರದಲ್ಲಿ ಒಂದರೊಳಗೊಂದು ವೃತ್ತ ಬರೆದ ಹಾಳೆ ಬೇಕು. ಚೂರನ್ನು ತಲೆಕೆಳಗಾಗಿಸಿ, ಬಾಯಂಚು ಹಾಳೆಗೆ ಪೂರ್ತಿ ತಾಗುವಂತೆ ಓರೆ ಸರಿಮಾಡಿ. ಅಡಿಯಲ್ಲಿ ಬೆಳಕು ತೂರದಿದ್ದರೆ ಓರೆ ಸರಿಯಾಗಿದೆ. ಅಂಚಿನ ಬಾಗು ಯಾವ ವೃತ್ತಕ್ಕೆ ಕೂಡುತ್ತದೋ ಅದರ ವ್ಯಾಸವೇ ಬಾಯಿಯ ಅಗಲ. ಇಲ್ಲಿ ತಪ್ಪುವುದು ಎರಡು ಕಡೆ. ಚೂರನ್ನು ಓರೆಯಾಗಿ ಹಿಡಿದರೆ ಬೇರೆ ವೃತ್ತಕ್ಕೆ ಕೂಡಿದಂತೆ ಕಾಣುತ್ತದೆ. ಚೂರು ಇಡೀ ಬಾಯಂಚಿನ ಶೇ 5ಕ್ಕಿಂತ ಚಿಕ್ಕದಾದರೆ ಅಳತೆಯನ್ನು ನೆಚ್ಚಲಾಗದು. ಅಂಥ ಚೂರನ್ನು ಈ ಆಟಕ್ಕೆ ಆರಿಸಲೇಬೇಡಿ. ತಾನೇ ಅಳೆದು '18 ಸೆಂಟಿಮೀಟರ್' ಎಂದ ಹುಡುಗಿ ಆಮೇಲೆ ಕೇಳುವ ಪ್ರಶ್ನೆಗಳೇ ಬೇರೆ: ಇದರಲ್ಲಿ ಎಷ್ಟು ಜನಕ್ಕೆ ಬೇಯುತ್ತಿತ್ತು, ಮುಚ್ಚಳ ಇತ್ತೇ, ಯಾಕೆ ಒಡೆಯಿತು?

ಮೇಜಿನ ಮೇಲೆ ಎರಡು ಮೂರು ಸೆಂಟಿಮೀಟರ್ ದಪ್ಪದ ಫೋಮ್ ಹಾಸಿ. ವಸ್ತುವನ್ನು ಹಾಸಿನಿಂದ ಒಂದು ಗೇಣಿಗಿಂತ ಮೇಲೆ ಎತ್ತದಂತೆ ನೋಡಿಕೊಳ್ಳಿ. ಉಂಗುರ, ಬಳೆ ತೆಗೆದಿರಬೇಕು, ಎರಡೂ ಕೈ ಬಳಸಬೇಕು, ಕೈಯಿಂದ ಕೈಗೆ ದಾಟಿಸುವ ಬದಲು ಹಾಸಿನ ಮೇಲಿಟ್ಟು ಇನ್ನೊಬ್ಬರು ಎತ್ತಿಕೊಳ್ಳಬೇಕು. ಬೀಳುವುದು ದಾಟಿಸುವಾಗಲೇ. ಪೆನ್ನು ಹತ್ತಿರ ಬೇಡ, ಪೆನ್ಸಿಲ್ ಸಾಕು. ಕೈಗವಸಿನ ವಿಷಯದಲ್ಲಿ ಗೊಂದಲ ಹೆಚ್ಚು. ಬೆವರಿನ ಉಪ್ಪು ಲೋಹವನ್ನು ತಿನ್ನುತ್ತದೆ, ಬೆರಳ ಗುರುತು ಹಾಗೇ ಅಚ್ಚಾಗಿ ಉಳಿಯುತ್ತದೆ. ಆದ್ದರಿಂದ ಲೋಹಕ್ಕೆ ನೈಟ್ರೈಲ್ ಎಂಬ ಕೃತಕ ರಬ್ಬರಿನ ಗವಸು ಬೇಕು. ಹಳೆಯ ಕಾಗದಕ್ಕೆ ಮಾತ್ರ ತೊಳೆದು ಒಣಗಿಸಿದ ಬರಿಗೈಯೇ ಲೇಸು. ಹತ್ತಿಯ ಗವಸಿನಲ್ಲಿ ಬೆರಳಿಗೆ ಸ್ಪರ್ಶ ತಿಳಿಯದೆ ಹಾಳೆ ಹರಿಯುತ್ತದೆ. ಮೆರುಗಿನ ಪಿಂಗಾಣಿಯೂ ಹತ್ತಿಯ ಗವಸಿನಿಂದ ಜಾರುತ್ತದೆ.

ಮಾತಿನಲ್ಲಿ ಮೂರು ಬಗೆಯ ವಾಕ್ಯಗಳನ್ನು ಬೇರೆಬೇರೆಯಾಗಿ ಆಡಲು ಅಭ್ಯಾಸ ಮಾಡಿಸಿ. ಕಣ್ಣಿಗೆ ಕಾಣುವುದು ಒಂದು, ಪರೀಕ್ಷೆಯಿಂದ ತಿಳಿದದ್ದು ಒಂದು, ವಿದ್ವಾಂಸರ ಊಹೆ ಇನ್ನೊಂದು. 'ಇಲ್ಲಿ ಮಸಿ ಇದೆ' ಎನ್ನುವುದಕ್ಕೂ 'ಇದು ಅಡುಗೆಯ ಮಡಕೆ' ಎನ್ನುವುದಕ್ಕೂ ನಡುವೆ ಒಂದು ಹೆಜ್ಜೆ ಇದೆ. ಆ ಹೆಜ್ಜೆ ಬಂದವರಿಗೆ ಕಾಣಬೇಕು. ಪರಂಪರೆಯ ತಾಣಗಳ ವಿವರಣೆ ಕುರಿತು ಸ್ಮಾರಕಗಳ, ತಾಣಗಳ ಅಂತರರಾಷ್ಟ್ರೀಯ ಮಂಡಳಿಯಾದ ಇಕೊಮೊಸ್ 2008ರಲ್ಲಿ ಒಪ್ಪಿದ ಸನ್ನದು ಕೂಡ ಇದೇ ಎಚ್ಚರವನ್ನು ಕೇಳುತ್ತದೆ: ಅಳಿದದ್ದನ್ನು ಚಿತ್ರದಲ್ಲಿ ಮರುರೂಪಿಸಿ ತೋರಿಸುವಾಗ ಆಧಾರ ಯಾವುದೆಂದು ದಾಖಲಿಸಬೇಕು, ಅದೇ ಆಧಾರದಿಂದ ಬೇರೆ ರೂಪವೂ ಸಾಧ್ಯವಿದ್ದರೆ ಅದನ್ನೂ ಮುಂದಿಡಬೇಕು.

ಉತ್ತರ ಗೊತ್ತಿಲ್ಲದ ಪ್ರಶ್ನೆ ದಿನಕ್ಕೆ ನಾಲ್ಕೈದು ಬಂದೇ ಬರುತ್ತವೆ. 'ಗೊತ್ತಿಲ್ಲ, ಬರೆದುಕೊಳ್ಳುತ್ತೇನೆ' ಎಂದು ಅವರೆದುರೇ ಬರೆಯುವುದನ್ನು ಕಲಿಸಿ. ಒಂದು ದಪ್ಪ ನೋಟ್‌ಬುಕ್ ಸಾಕು. ದಿನಾಂಕ, ವಸ್ತು, ಪ್ರಶ್ನೆ, ಆಗ ಕೊಟ್ಟ ಉತ್ತರ, ಯಾರಿಗೆ ಕಳಿಸಿದೆ ಎಂಬ ಐದು ಕಲಂ. ಪ್ರಶ್ನೆಯನ್ನು ಕೇಳಿದವರ ಮಾತಿನಲ್ಲೇ ಬರೆಯಬೇಕು. ಮಗು 'ಒಡೆದಿದ್ದಕ್ಕೆ ಬೈದರಾ?' ಎಂದು ಕೇಳಿದ್ದನ್ನು ವಿದ್ಯಾರ್ಥಿ 'ಕೌಟುಂಬಿಕ ಜೀವನದ ಬಗ್ಗೆ ಆಸಕ್ತಿ' ಎಂದು ಬರೆದಿಟ್ಟರೆ ಆ ಪ್ರಶ್ನೆ ಸತ್ತಂತೆ. ವಾರಕ್ಕೊಮ್ಮೆ ಕ್ಯುರೇಟರ್ ಈ ಪುಸ್ತಕ ಓದಿ ಉತ್ತರಿಸಬೇಕು, ಇದಕ್ಕೆ ರಿಯಾಯಿತಿ ಇಲ್ಲ. ಉತ್ತರವೇ ಬಾರದಿದ್ದರೆ ಮೂರನೆಯ ವಾರಕ್ಕೆ ಯಾರೂ ಬರೆಯುವುದಿಲ್ಲ. ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದ್ದರೆ ಗೋಡೆಯ ಮೇಲಿನ ಫಲಕ ಬದಲಾಯಿಸುವ ಹೊತ್ತು ಬಂದಿದೆ ಎಂದೇ ತಿಳಿಯಬೇಕು. ಫಲಕ ಬರೆದವರಿಗೆ ಕಾಣದ ತೊಡಕು ಮೇಜಿನ ಹಿಂದೆ ನಿಂತವರಿಗೆ ಕಾಣುತ್ತದೆ.

ವಿದ್ಯಾರ್ಥಿಗಳ ಕೈಯಲ್ಲಿ ಅಭಿಪ್ರಾಯ ಸಮೀಕ್ಷೆ ಮಾಡಿಸುವುದಾದರೆ ಬಾಗಿಲಲ್ಲಿ ಹೊರಬರುವ ಪ್ರತಿ ಐದನೆಯವರನ್ನು ಕೇಳಲು ಹೇಳಿ. ಆಯ್ಕೆ ಅವರಿಗೇ ಬಿಟ್ಟರೆ ನಗುಮುಖದವರನ್ನೂ ತಮ್ಮ ವಯಸ್ಸಿನವರನ್ನೂ ಕೇಳುತ್ತಾರೆ, ಎಲ್ಲರಿಗೂ ಎಲ್ಲವೂ ಇಷ್ಟವಾದಂತೆ ವರದಿ ಬರುತ್ತದೆ. ಬೇಡವೆಂದವರ ಲೆಕ್ಕವನ್ನೂ ಬರೆದಿಡಬೇಕು.

ಇನ್ನು ಕೆಲಸದ ಷರತ್ತು. ಮೂರು ಗಂಟೆಯ ಪಾಳಿ ಸರಿ. ಅದರಲ್ಲಿ ಸತತ ಒಂದು ಗಂಟೆಗಿಂತ ಹೆಚ್ಚು ಮಾತಾಡಿಸಬಾರದು, ಗಂಟಲು ಕೂರುತ್ತದೆ, ಗಮನವೂ ಹೋಗುತ್ತದೆ. ವಾರಕ್ಕೆ ಮೂರು ಪಾಳಿ ದಾಟಿದರೆ ಓದು ಕೆಡುತ್ತದೆ. ಪರೀಕ್ಷೆಯ ವಾರಗಳನ್ನು ವರ್ಷದ ಆರಂಭದಲ್ಲೇ ಕೇಳಿ ಗುರುತು ಹಾಕಿಕೊಂಡರೆ ಕೊನೆಗಳಿಗೆಯಲ್ಲಿ ಮೇಜು ಖಾಲಿಯಾಗುವುದಿಲ್ಲ. ತರಬೇತಿಯ ಗಂಟೆಗೂ, ಮೇಜು ಜೋಡಿಸಿ ತೆಗೆಯುವ ಹೊತ್ತಿಗೂ ಸಂಬಳ ಸೇರಿರಬೇಕು. ಪಾಳಿ ಹಾಕಿ, ಬರಲೇಬೇಕೆಂದು ಹೇಳಿ, 'ಸ್ವಯಂಸೇವೆ' ಎಂದು ಕರೆಯುವುದು ಅನ್ಯಾಯ. ಆ ದಾರಿಯಲ್ಲಿ ಉಳಿಯುವವರು ಮನೆಯಿಂದ ಹಣ ಬರುವವರು ಮಾತ್ರ. ಮೇಜಿನ ಮುಂದೆ ಎಲ್ಲ ಬಗೆಯ ಜನ ನಿಲ್ಲುವಾಗ ಹಿಂದೆ ಒಂದೇ ಬಗೆಯವರು ನಿಂತಿರುತ್ತಾರೆ.

ಪಾಳಿ ಬದಲಾಗುವಾಗ ಕಾಲು ಗಂಟೆ ಇಬ್ಬರೂ ಇರಲಿ. ವಸ್ತುಗಳ ಫೋಟೊ ಹಾಳೆ ಎದುರಿಟ್ಟುಕೊಂಡು ಐದನ್ನೂ ಎಣಿಸಿ, ಹೊಸ ಬಿರುಕೋ ಉದುರಿದ ಚಕ್ಕೆಯೋ ಇದ್ದರೆ ಬರೆದು ಇಬ್ಬರೂ ಸಹಿ ಹಾಕಲಿ. ಉದುರಿದ ಚಕ್ಕೆಯನ್ನು ಅಂಟಿಸಲು ಹೋಗದೆ ಸಣ್ಣ ಜಿಪ್ ಚೀಲದಲ್ಲಿ ಹಾಕಿ ವಸ್ತುವಿನ ಜತೆಗೇ ಇಡಬೇಕು. ಆ ದಿನದ ಪ್ರಶ್ನೆಗಳನ್ನು ಹೊಸಬರಿಗೆ ಓದಿ ಹೇಳುವುದೂ ಅದೇ ಕಾಲು ಗಂಟೆಯಲ್ಲಿ.