ವಾರಕ್ಕೊಂದೇ ಕಂತಿದ್ದಾಗ ಕ್ಯಾಮೆರಾ ಕರಾವಳಿಗೆ ಬಂದಿತ್ತು

ಮಂಗಳೂರು, ಉಡುಪಿಯಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸುಗಳಲ್ಲಿ ಕಿರುತೆರೆಯ ನಟರೂ ಇರುತ್ತಾರೆ. ಊರಿನ ನಾಟಕ ಮುಗಿಸಿ, ಕಿವಿಯ ಹಿಂದಿನ ಬಣ್ಣ ಪೂರ್ತಿ ಹೋಗುವ ಮೊದಲೇ ಬಸ್ಸು ಹತ್ತಿ, ಸುಮಾರು 350 ಕಿಲೋಮೀಟರ್ ದಾಟಿ, ಬೆಳಿಗ್ಗೆ ಧಾರಾವಾಹಿಗಾಗಿ ಇನ್ನೊಮ್ಮೆ ಬಣ್ಣ ಹಚ್ಚಿಕೊಳ್ಳುವವರು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಆ ದಿನದ ಕೆಲಸವೂ ಜರಿಯಿತು. ಇಷ್ಟು ನಟರನ್ನು ಕೊಟ್ಟ ನೆಲದಲ್ಲಿ ಧಾರಾವಾಹಿ ಯಾಕೆ ಬೇರೂರಲಿಲ್ಲ? ಚಾನೆಲ್‌ಗಳ ಕಚೇರಿ ಬೆಂಗಳೂರಿನಲ್ಲಿದೆ ಎನ್ನುವುದು ಎಲ್ಲರೂ ಕೊಡುವ ಉತ್ತರ. ಅದು ಸುಳ್ಳಲ್ಲ. ಆದರೆ ನನ್ನ ಮಟ್ಟಿಗೆ ಮುಖ್ಯ ಕಾರಣ ದೂರವಲ್ಲ, ವೇಗ.

ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಆಗ ಧಾರಾವಾಹಿಯೆಂದರೆ ವಾರಕ್ಕೊಂದು ಕಂತು, ಸಾಮಾನ್ಯವಾಗಿ 13 ಕಂತುಗಳ ಲೆಕ್ಕದಲ್ಲಿ ಮಂಜೂರಾತಿ. ಕಥೆ ಎಲ್ಲಿ ನಡೆಯುತ್ತದೋ ಅಲ್ಲಿಗೇ ಹೋಗಿ ಚಿತ್ರೀಕರಿಸುವಷ್ಟು ವ್ಯವಧಾನ ಅದರಲ್ಲಿತ್ತು. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಣಕ್ಕೆ ಘಟ್ಟದ ಅಂಚಿನ ಆಗುಂಬೆಗೆ ಬಂದದ್ದು ಆ ಕಾಲದಲ್ಲಿಯೇ.

ಘಟ್ಟದ ಕೆಳಗೆ ಆ ಕೆಲಸ ಮಾಡಿದವರು ಮೂಲ್ಕಿಯ ಸದಾನಂದ ಸುವರ್ಣ. ಮುಂಬೈಯಲ್ಲಿ ದಶಕಗಳ ಕಾಲ ರಂಗಭೂಮಿ ಕಟ್ಟಿದವರು, ‘ಘಟಶ್ರಾದ್ಧ’ ಚಿತ್ರದ ನಿರ್ಮಾಪಕರು. 1990ರ ಸುಮಾರಿಗೆ ಅವರು ದೂರದರ್ಶನಕ್ಕೆ ನಿರ್ದೇಶಿಸಿದ ‘ಗುಡ್ಡದ ಭೂತ’ದಲ್ಲಿ ತುಳುನಾಡಿನ ಗುಡ್ಡ, ಮನೆ, ಭೂತದ ಭಯ ಎಲ್ಲವೂ ತಮ್ಮ ಸ್ವಂತ ಮುಖದಲ್ಲಿ ಕಾಣಿಸಿಕೊಂಡವು. ಅದರಲ್ಲಿ ನಟಿಸಿದ ಯುವಕ ಪ್ರಕಾಶ್ ರೈ ಮುಂದೆ ದೇಶವೆಲ್ಲ ಬಲ್ಲ ಪ್ರಕಾಶ್ ರಾಜ್ ಆದರು. ಶೀರ್ಷಿಕೆ ಗೀತೆ ಎಷ್ಟು ಗಟ್ಟಿಯಾಗಿ ನೆನಪಿನಲ್ಲಿ ಉಳಿಯಿತೆಂದರೆ, ಸುಮಾರು 25 ವರ್ಷಗಳ ನಂತರ ‘ರಂಗಿತರಂಗ’ ಚಿತ್ರ ಅದನ್ನು ಮತ್ತೆ ಬಳಸಿಕೊಂಡಿತು.

ಆಮೇಲೆ ಖಾಸಗಿ ವಾಹಿನಿಗಳು ಬಂದವು: 1994ರಲ್ಲಿ ಉದಯ, 2000ದ ಕೊನೆಗೆ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, ಮರುವರ್ಷ ಸುವರ್ಣ. ವಾರದ ಕಂತು ದಿನದ ಕಂತಾಯಿತು. ಜಾಹೀರಾತು ಕಳೆದು ಸುಮಾರು 22 ನಿಮಿಷದ ಕಥೆ, ವಾರಕ್ಕೆ ಐದಾರು ದಿನ. ದೂರದರ್ಶನ ಮೂರು ತಿಂಗಳಲ್ಲಿ ತೋರಿಸುತ್ತಿದ್ದ 13 ಕಂತುಗಳು ಮೂರೇ ವಾರದೊಳಗೆ ಖರ್ಚಾಗತೊಡಗಿದವು. ಇಂಥ ಹಸಿವಿಗೆ ಗುಡ್ಡ ಹತ್ತಿಳಿಯಲು ಪುರುಸೊತ್ತೆಲ್ಲಿ? ಬೆಂಗಳೂರಿನ ಒಂದು ಬಾಡಿಗೆ ಮನೆ, ಅದರ ಹಜಾರ, ಅಡುಗೆಮನೆ, ಮೆಟ್ಟಿಲು. ಕಥೆಯೆಲ್ಲ ಅದರೊಳಗೇ ಸುತ್ತತೊಡಗಿತು.

ಕರಾವಳಿಯ ನಟನಿಗೆ ಆಗಲೇ ಬೇರೊಂದು ಪಂಚಾಂಗವಿತ್ತು. ಕಟೀಲು, ಧರ್ಮಸ್ಥಳ, ಮಂದಾರ್ತಿಯ ಯಕ್ಷಗಾನ ಮೇಳಗಳು ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟರೆ ಮೇ ಕೊನೆಯ ಪತ್ತನಾಜೆಯ, ಅಂದರೆ ತುಳುನಾಡಿನಲ್ಲಿ ಆಟ-ಉತ್ಸವಗಳ ಕಾಲ ಮುಗಿಯುವ ದಿನದ, ಹೊತ್ತಿಗಷ್ಟೇ ಗೆಜ್ಜೆ ಬಿಚ್ಚುವುದು. ತುಳು ನಾಟಕ ತಂಡಗಳ ಕಾಲವೂ ಹೆಚ್ಚುಕಡಿಮೆ ಅದೇ. ರಾತ್ರಿ ದುಡಿಮೆ, ಆರೇಳು ತಿಂಗಳ ಅನ್ನ. ಧಾರಾವಾಹಿ ಕೇಳುವುದು ವರ್ಷದ ಹಗಲುಗಳನ್ನು. ಎರಡನ್ನೂ ಹಿಡಿದವರು ಬಸ್ಸಿನಲ್ಲಿ ನಿದ್ದೆ ಮಾಡಿದರು, ಉಳಿದವರು ಒಂದನ್ನು ಬಿಟ್ಟರು.

ಮಾತಿನ ವಿಷಯದಲ್ಲಿ ಆದ ನಷ್ಟ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಆಡುವ ಇಲ್ಲಿನ ಮಕ್ಕಳು ಕನ್ನಡವನ್ನು ಶಾಲೆಯಲ್ಲಿ, ಯಕ್ಷಗಾನದ ಬಣ್ಣ ಹಚ್ಚುವ ಚೌಕಿಯ ಪಕ್ಕದಲ್ಲಿ ಕಲಿಯುತ್ತಾರೆ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಲೆಯಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿ ಬರೆದಿಟ್ಟ ಸಂಭಾಷಣೆಯಿಲ್ಲದೆ, ಒಂದು ಇಂಗ್ಲಿಷ್ ಪದವನ್ನೂ ಬಳಸದೆ, ಗಂಟೆಗಟ್ಟಲೆ ವಾದಿಸುತ್ತಾನೆ. ಅಂಥ ಮಾತುಗಾರಿಕೆಯನ್ನು ಕೇಳಿ ಬೆಳೆದವನು ಸೆಟ್ಟಿಗೆ ಹೋದರೆ, ಕ್ಯಾಮೆರಾದ ಹಿಂದೆ ನಿಂತ ಸಹಾಯಕ ನಿರ್ದೇಶಕ ಓದಿ ಹೇಳುವ ಸಾಲನ್ನು ಹಾಗೇ ಒಪ್ಪಿಸಬೇಕು. ಬಾಯಿತಪ್ಪಿ ‘ಇದೆ’ ಎನ್ನುವಲ್ಲಿ ಊರಿನ ‘ಉಂಟು’ ಎಂದರೆ ತಿದ್ದುತ್ತಾರೆ. ಮಂಗಳೂರು ಕನ್ನಡಕ್ಕೆ ಜಾಗವಿದ್ದದ್ದು ಹೆಚ್ಚಾಗಿ ಹೋಟೆಲ್ ಭಟ್ಟರ, ಅಡುಗೆಯವರ ಪಾತ್ರದಲ್ಲಿ, ಅದೂ ನಗಿಸಲು. ಇದು ಅನ್ಯಾಯ.

ಹಾಗೆಂದು ಹೋದವರು ಸೋತರು ಎನ್ನುವುದಿಲ್ಲ. ಉಡುಪಿಯಲ್ಲಿ ಬೆಳೆದ ವಿನಯಾ ಪ್ರಸಾದ್ ಕನ್ನಡದ ಗಡಿಯನ್ನೂ ದಾಟಿ, ಏಷ್ಯಾನೆಟ್‌ನ ‘ಸ್ತ್ರೀ’ ಧಾರಾವಾಹಿಯಿಂದ ಕೇರಳದ ಮನೆಮನೆಗೂ ಪರಿಚಿತರಾದರು. ನಿರೂಪಕಿ ಅನುಶ್ರೀ ಮಂಗಳೂರಿನ ಸ್ಥಳೀಯ ವಾಹಿನಿಯಾದ ನಮ್ಮ ಟಿವಿಯಿಂದ ಹೊರಟವರು. ಆದರೆ ಈ ವೃತ್ತಿಯ ನೆಲ ಎಷ್ಟು ಸಡಿಲ ಎಂಬುದಕ್ಕೆ ಉಡುಪಿ ಕಡೆಯ ಶೈನ್ ಶೆಟ್ಟಿ ಅವರ ಹಾದಿ ನೋಡಬೇಕು. ‘ಲಕ್ಷ್ಮೀ ಬಾರಮ್ಮ’ದ ನಾಯಕನಾಗಿ ಹೆಸರು ಮಾಡಿ, ಅದನ್ನು ಬಿಟ್ಟ ಮೇಲೆ ಬೆಂಗಳೂರಿನ ರಸ್ತೆ ಬದಿಯಲ್ಲಿ ‘ಗಲ್ಲಿ ಕಿಚನ್’ ಎಂಬ ತಿಂಡಿ ಗಾಡಿ ನಡೆಸಿದರು. 2020ರ ಆರಂಭದಲ್ಲಿ ಬಿಗ್ ಬಾಸ್ ಏಳನೇ ಆವೃತ್ತಿ ಗೆದ್ದಾಗ ಜನ ಮತ್ತೆ ಅವರತ್ತ ತಿರುಗಿದರು. ಸಂಭಾವನೆ ದಿನದ ಲೆಕ್ಕದ್ದು. ಕಥೆಯಲ್ಲಿ ಪಾತ್ರ ಕಿರಿದಾದರೆ ದಿನಗಳೂ ಕಡಿಮೆಯಾಗುತ್ತವೆ, ಗುರುವಾರ ಬರುವ ರೇಟಿಂಗ್ ಸತತವಾಗಿ ಇಳಿದರೆ ಧಾರಾವಾಹಿಯೇ ಮುಗಿಯುತ್ತದೆ.

2011ರಲ್ಲಿ ‘ಒರಿಯರ್ದೊರಿ ಅಸಲ್’ ಗೆದ್ದ ಮೇಲೆ ತುಳು ಸಿನಿಮಾ ಚುರುಕಾಯಿತು, ಊರಿನಲ್ಲೇ ಉಳಿಯಲು ಕೆಲವರಿಗೆ ದಾರಿಯಾಯಿತು. ಕಿರುತೆರೆ ಮಾತ್ರ ಘಟ್ಟ ಇಳಿಯಲಿಲ್ಲ.

ಸದಾನಂದ ಸುವರ್ಣರು 2024ರ ಜುಲೈಯಲ್ಲಿ ತೀರಿಕೊಂಡರು. ಅದೇ ತಿಂಗಳು ‘ಏಕಂ’ ಬಿಡುಗಡೆಯಾಯಿತು: ಕರಾವಳಿಯ ಏಳು ಕಥೆಗಳ ವೆಬ್ ಸರಣಿ, ಏಳೇ ಕಂತು. ದೊಡ್ಡ ಒಟಿಟಿ ವೇದಿಕೆಗಳು ಕೊಳ್ಳದೆ ವರ್ಷಗಟ್ಟಲೆ ಕಾದು, ಕೊನೆಗೆ ತಯಾರಕರೇ ತಮ್ಮ ಜಾಲತಾಣದಲ್ಲಿ ಅದನ್ನು ತೋರಿಸಬೇಕಾಯಿತು. ಅದರ ನಟರಲ್ಲಿ ಪ್ರಕಾಶ್ ರಾಜ್ ಕೂಡ ಇದ್ದಾರೆ.