ತೊಗರಿ ನಾಡಿಗೆ ಬೇಕಾದ್ದು ಐದು ತಿಂಗಳ ಸಾಲ

ಕಲಬುರಗಿಯ ಅಭಿವೃದ್ಧಿ ಅಂದ ಕೂಡಲೇ ಮಾತು ರೈಲ್ವೆ ವಿಭಾಗ, ವಿಮಾನ ನಿಲ್ದಾಣ, ಜವಳಿ ಪಾರ್ಕಿನ ಕಡೆಗೆ ಹೊರಳುತ್ತದೆ. ಅವೆಲ್ಲ ಬೇಕು. ಆದರೆ ಈ ಜಿಲ್ಲೆಯ ಬಹುಪಾಲು ಮನೆಗಳ ಆ ವರ್ಷದ ಬದುಕು ನಿರ್ಧಾರವಾಗುವುದು ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗಿನ ಕೆಲವೇ ವಾರಗಳಲ್ಲಿ, ಗಂಜಿನ, ಅಂದರೆ ಕೃಷಿ ಮಾರುಕಟ್ಟೆಯ, ಕಟ್ಟೆಗಳ ಮೇಲೆ. ನಾನು ಲೆಕ್ಕಪರಿಶೋಧಕ. ದಾಲ್ ಮಿಲ್ಲುಗಳು, ಅಡತಿ (ದಲಾಲಿ) ಅಂಗಡಿಗಳು, ರೈತ ಉತ್ಪಾದಕ ಕಂಪನಿಗಳು ಇವುಗಳ ಲೆಕ್ಕ ನೋಡುವುದೇ ನನ್ನ ಕಸುಬು. ಮೂರೂ ಕಡೆಯ ಪುಸ್ತಕ ಓದಿದವನಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ನಮ್ಮ ರೈತನಿಗೆ ತೊಗರಿ ಬೆಳೆಯುವುದು ಗೊತ್ತಿದೆ, ಕಾಯುವುದಕ್ಕೆ ದುಡ್ಡಿಲ್ಲ. ಕಾಯುವ ಶಕ್ತಿ ಯಾರಿಗಿದೆಯೋ ಲಾಭ ಅವರ ಪುಸ್ತಕದಲ್ಲಿದೆ.

ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುವ ಹೊತ್ತಿಗೆ ತೊಗರಿ ಕೊಯ್ಲಿಗೆ ಬಂದಿರುತ್ತದೆ. ಜೂನ್–ಜುಲೈನಲ್ಲಿ ಬಿತ್ತಿದ್ದು ಆರು ತಿಂಗಳು ಹೊಲದಲ್ಲಿ ನಿಂತ ಬೆಳೆ. ಈ ಆರು ತಿಂಗಳಲ್ಲಿ ಬೀಜ, ಗೊಬ್ಬರ, ಕೀಟನಾಶಕದ ಎಣ್ಣೆ, ಕಳೆ, ಮನೆ ಖರ್ಚು ಎಲ್ಲವೂ ಸಾಲದ ಮೇಲೆಯೇ ನಡೆದಿರುತ್ತದೆ. ಸೊಸೈಟಿಯ ಸಾಲ ಹೆಚ್ಚಾಗಿ ಮಾರ್ಚ್ ಒಳಗೆ ಕಟ್ಟಬೇಕು, ಇಲ್ಲದಿದ್ದರೆ ಬಡ್ಡಿ ರಿಯಾಯಿತಿ ಹೋಗುತ್ತದೆ. ಯುಗಾದಿಗೆ ಆಳಿನ ಲೆಕ್ಕ ಚುಕ್ತಾ ಆಗಬೇಕು. ಅದರ ಬೆನ್ನಿಗೇ ಮದುವೆ ಸೀಸನ್. ಹೀಗಾಗಿ ರಾಶಿ ಮುಗಿದ ವಾರದಲ್ಲೇ ಚೀಲಗಳು ಟ್ರ್ಯಾಕ್ಟರ್ ಏರುತ್ತವೆ. ಎಲ್ಲರೂ ಒಟ್ಟಿಗೆ ತಂದಾಗ ದರ ಏರುವುದಾದರೂ ಹೇಗೆ?

ಅಡತಿ ಅಂಗಡಿಯ ಪಟ್ಟಿಯೊಂದನ್ನು ಹತ್ತಿರದಿಂದ ನೋಡಿ. ಮೇಲೆ ತೂಕ, ದರ, ಒಟ್ಟು ಮೊತ್ತ. ಅದರ ಕೆಳಗೆ ಹಮಾಲಿ, ತೂಕದ ಖರ್ಚು. ಅದಕ್ಕೂ ಕೆಳಗೆ ‘ಹಿಂದಿನ ಬಾಕಿ’ ಎಂಬ ಸಾಲು. ಮೊತ್ತದ ದೊಡ್ಡ ಪಾಲು ಕರಗುವುದು ಅಲ್ಲೇ. ಜೂನ್‌ನಲ್ಲಿ ಬೀಜ–ಗೊಬ್ಬರಕ್ಕೆ ಕೈಗಡ, ಸೆಪ್ಟೆಂಬರ್‌ನಲ್ಲಿ ಆಸ್ಪತ್ರೆಗೆ ಮತ್ತಿಷ್ಟು, ಎಲ್ಲದಕ್ಕೂ ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿ. ವರ್ಷಕ್ಕೆ ಶೇ 24 ಎಂದು ಬರೆದರೆ ಗಾಬರಿಯಾಗುತ್ತದೆ, ‘ನೂರಕ್ಕೆ ಎರಡು’ ಅಂದಾಗ ಯಾರಿಗೂ ಅನ್ನಿಸುವುದಿಲ್ಲ. ಕಾನೂನಿನ ಪ್ರಕಾರ ದಲಾಲಿ ಖರೀದಿದಾರನಿಂದ ಬರಬೇಕು, ರೈತನಿಂದಲ್ಲ. ಆದರೆ ಬಾಕಿ ಇರುವ ರೈತ ಆ ಪ್ರಶ್ನೆ ಎತ್ತುವುದಿಲ್ಲ. ಮುಂದಿನ ಜೂನ್‌ಗೂ ಅದೇ ಅಂಗಡಿಯೇ ಆಸರೆ. ಅಡತಿಯವರನ್ನು ಖಳರನ್ನಾಗಿ ನೋಡುವುದು ನನಗೆ ಒಪ್ಪಿಗೆಯಿಲ್ಲ. ಬ್ಯಾಂಕು ಕೊಡದಿದ್ದಾಗ, ಕಾಗದ ಕೇಳದೆ, ರಾತ್ರಿ ಹತ್ತಕ್ಕೂ ದುಡ್ಡು ಕೊಟ್ಟವರು ಅವರೇ. ಬ್ಯಾಂಕು ಬಿಟ್ಟುಕೊಟ್ಟ ಜಾಗದಲ್ಲಿ ಅವರು ಕುಳಿತಿದ್ದಾರೆ.

ಈಗ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ದರ ಹಾಕಿಕೊಂಡು ನೀವೇ ಮಾಡಿ ನೋಡಬಹುದು. ಒಬ್ಬ ರೈತನ ಬಳಿ 20 ಕ್ವಿಂಟಲ್ ತೊಗರಿ ಇದೆ, ಜನವರಿಯ ದರ 7,000 ರೂಪಾಯಿ ಅಂದುಕೊಳ್ಳಿ. ಮಾಲಿನ ಬೆಲೆ 1,40,000. ಮಾರುವ ಬದಲು ನೋಂದಾಯಿತ ಗೋದಾಮಿನಲ್ಲಿಟ್ಟು ಅದರ ರಸೀದಿಯ ಮೇಲೆ ಶೇ 70ರಷ್ಟು, ಅಂದರೆ 98,000 ರೂಪಾಯಿ ಸಾಲ ಪಡೆಯುತ್ತಾನೆ. ಶೇ 7ರ ಬಡ್ಡಿಯಲ್ಲಿ ಐದು ತಿಂಗಳಿಗೆ 2,858. ಗೋದಾಮಿನ ಬಾಡಿಗೆ ಕ್ವಿಂಟಲ್‌ಗೆ ತಿಂಗಳಿಗೆ 10 ರೂಪಾಯಿಯಂತೆ 1,000. ಸಾಗಣೆ, ಹಮಾಲಿ, ಗುಣಮಟ್ಟ ಪರೀಕ್ಷೆ ಸೇರಿ ಇನ್ನೊಂದು 1,000. ತೂಕ ಶೇ 1ರಷ್ಟು ಇಳಿಯುತ್ತದೆ ಅಂದರೆ 1,400. ಒಟ್ಟು 6,258, ಕ್ವಿಂಟಲ್‌ಗೆ ಸುಮಾರು 313 ರೂಪಾಯಿ. ಜೂನ್ ಹೊತ್ತಿಗೆ ದರ 7,313 ದಾಟಿದರೆ ಆ ಮೇಲಿನದ್ದೆಲ್ಲ ಅವನದ್ದು. ಇದೇ ಐದು ತಿಂಗಳನ್ನು ನೂರಕ್ಕೆ ಎರಡರ ಸಾಲದಲ್ಲಿ ಕಾಯ್ದರೆ ಬಡ್ಡಿಯೇ 9,800 ಆಗುತ್ತದೆ, ಕ್ವಿಂಟಲ್‌ಗೆ ಬೀಳುವ ಖರ್ಚು 660 ರೂಪಾಯಿ. ಮಾಲು ಅದೇ, ಗೋದಾಮು ಅದೇ. ಎರಡೂ ಲೆಕ್ಕಗಳ ನಡುವಿನ 347 ರೂಪಾಯಿಯ ಅಂತರ ಹುಟ್ಟುವುದು ಸಾಲ ಎಲ್ಲಿಂದ ಬಂತು ಎಂಬುದರಿಂದ.

ಇದಕ್ಕೆ ಬೇಕಾದ ಕಾನೂನು ಇಲ್ಲದೇ ಇಲ್ಲ. ಉಗ್ರಾಣಗಳ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆ ಬಂದದ್ದು 2007ರಲ್ಲಿ. ನೋಂದಾಯಿತ ಗೋದಾಮಿನ ರಸೀದಿಯನ್ನೇ ಒತ್ತೆ ಇಡಬಹುದು, ವರ್ಗಾಯಿಸಬಹುದು. 2017ರಿಂದ ಅದು ಎಲೆಕ್ಟ್ರಾನಿಕ್ ರೂಪದಲ್ಲೂ ಸಿಗುತ್ತಿದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ಈ ರಸೀದಿಯ ಮೇಲೆ ಕೊಯ್ಲಿನ ನಂತರ ಆರು ತಿಂಗಳವರೆಗೆ ಬಡ್ಡಿ ಸಹಾಯಧನದ ಸಾಲ ಕೊಡುವ ಯೋಜನೆಯೂ ಇದೆ. ಇಂಥ ಸಾಲಗಳಿಗೆ ಖಾತರಿ ನೀಡಲು ಕೇಂದ್ರ ಸರ್ಕಾರ 2024ರ ಡಿಸೆಂಬರ್‌ನಲ್ಲಿ 1,000 ಕೋಟಿ ರೂಪಾಯಿಯ ನಿಧಿ ಆರಂಭಿಸಿತು. ಹಾಗಿದ್ದೂ ಗಂಜಿನಲ್ಲಿ ನಿಂತು ಈ ರಸೀದಿ ಸಾಲ ಪಡೆದವರು ಯಾರು ಎಂದು ಕೇಳಿದರೆ ರೈತರಿಗಿಂತ ವ್ಯಾಪಾರಿಗಳ ಹೆಸರೇ ಮೊದಲು ಬರುತ್ತದೆ.

ಕಾರಣಗಳು ಬಹಳ ಸಣ್ಣವು, ಅದಕ್ಕೇ ಯಾರೂ ಅವುಗಳ ಗೊಡವೆಗೆ ಹೋಗಿಲ್ಲ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ, ಅಣ್ಣತಮ್ಮಂದಿರ ಪಾಲು ಬಾಯಿಮಾತಿನಲ್ಲಾಗಿದೆ. ಲಾವಣಿಗೆ (ಗುತ್ತಿಗೆಗೆ) ಹೊಲ ಮಾಡಿದವನ ಬಳಿ ಚೀಟಿಯೂ ಇಲ್ಲ. ಅವನಿಗೆ ಕಾರ್ಡೂ ಇಲ್ಲ, ಬೆಂಬಲ ಬೆಲೆ ಕೇಂದ್ರದ ನೋಂದಣಿಯೂ ಇಲ್ಲ. ನೋಂದಾಯಿತ ಗೋದಾಮು ತಾಲ್ಲೂಕು ಕೇಂದ್ರದಲ್ಲಿದೆ. ಐದು ಚೀಲಕ್ಕಾಗಿ ಅಷ್ಟು ದೂರ ಹೋಗುವುದು ಗಿಟ್ಟುವುದಿಲ್ಲ. ಗೋದಾಮಿನವರಿಗೂ ಐದು ಚೀಲದ ಪ್ರತ್ಯೇಕ ನಿಟ್ಟು (ಚೀಲಗಳ ಸಾಲು) ಹಚ್ಚುವುದು ತಲೆನೋವು. ಇನ್ನು ತೇವಾಂಶ. ತೊಗರಿಗೆ ಶೇ 12 ದಾಟಬಾರದು. ರಾಶಿ ಯಂತ್ರದಿಂದ ನೇರ ಚೀಲಕ್ಕೆ ಬಿದ್ದ ಕಾಳಿನಲ್ಲಿ ಮೀಟರ್ ಹೆಚ್ಚು ತೋರಿಸಿದರೆ ಮಾಲು ವಾಪಸ್. ನಮ್ಮ ರೈತ ಕಾಳನ್ನು ಹಲ್ಲಿನಲ್ಲಿ ಕಚ್ಚಿ ‘ಕಟ್’ ಅಂದರೆ ಒಣಗಿದೆ ಅನ್ನುತ್ತಾನೆ, ಬಹಳ ಸಲ ಅದು ಸರಿಯೂ ಇರುತ್ತದೆ. ಆದರೆ ರಸೀದಿಯ ಮೇಲೆ ಅಚ್ಚಾಗುವುದು ಮೀಟರಿನ ಅಂಕಿ. ಊರಲ್ಲೇ ಒಂದು ತೇವಾಂಶ ಮಾಪಕ, ಎರಡು ದಿನ ಹರವಿ ಒಣಗಿಸಲು ಒಂದು ಕಾಂಕ್ರೀಟ್ ಕಣ ಇದ್ದರೆ ಈ ಸಮಸ್ಯೆಯ ಅರ್ಧ ಅಲ್ಲೇ ಮುಗಿಯುತ್ತದೆ.

ಇಟ್ಟವರೆಲ್ಲ ಗೆಲ್ಲುತ್ತಾರೆ ಎಂದು ನಾನು ಹೇಳಲಾರೆ. 2024ರಲ್ಲಿ ತೊಗರಿ ದರ ಕ್ವಿಂಟಲ್‌ಗೆ 10,000 ದಾಟಿತ್ತು. ಅದನ್ನು ನಂಬಿದವರಿಗೆ 2025ರ ಜನವರಿ ಆಘಾತ ಕೊಟ್ಟಿತು. ದರ ಅಂದಿನ ಬೆಂಬಲ ಬೆಲೆ 7,550ಕ್ಕಿಂತ ಕೆಳಗಿಳಿದು, ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಮಾಡಬೇಕಾಯಿತು. ಆ ವರ್ಷ ಮಾಲು ಹಿಡಿದವರಿಗೂ ಬೇಸಿಗೆಯಲ್ಲಿ ಏರಿಕೆ ಸಿಗಲಿಲ್ಲ. ಬೆಳೆ ಚೆನ್ನಾಗಿ ಬಂದದ್ದು ಒಂದು ಕಾರಣ, ಆಮದು ಇನ್ನೊಂದು. 2021ರ ಮೇ ತಿಂಗಳಲ್ಲಿ ತೊಗರಿ ಆಮದು ಮುಕ್ತವಾಯಿತು. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿಯ ಕಾಳು ಮುಂಬೈ, ಚೆನ್ನೈ ಬಂದರುಗಳಲ್ಲಿ ಇಳಿಯುತ್ತದೆ. ಈ ಸೌಲಭ್ಯವನ್ನು 2026ರ ಮಾರ್ಚ್ 31ರವರೆಗೆ ವಿಸ್ತರಿಸುವ ಆದೇಶ ಹೊರಬಿದ್ದದ್ದು 2025ರ ಜನವರಿಯಲ್ಲಿ, ನಮ್ಮ ಕಣಗಳಲ್ಲಿ ರಾಶಿ ನಡೆಯುತ್ತಿದ್ದಾಗ. ಪಟ್ಟಣದ ಗ್ರಾಹಕರಿಗೆ ಬೇಳೆ ಕೈಗೆಟುಕಬೇಕು ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಆದಾಗ ಬಡವರ ಸಾರು ತೆಳ್ಳಗಾದದ್ದನ್ನು ನಾವೂ ನೋಡಿದ್ದೇವೆ. ಆದರೆ ಆಮದಿನ ತೀರ್ಮಾನ ಮೇ ತಿಂಗಳಲ್ಲಿ, ಬಿತ್ತುವುದಕ್ಕೆ ಮೊದಲು ಪ್ರಕಟವಾದರೆ ರೈತನಿಗೆ ಆಯ್ಕೆ ಇರುತ್ತದೆ. ಹೆಸರು ಕಾಳು ಹಾಕಬಹುದು, ಸೋಯಾ ಹಾಕಬಹುದು. ಜನವರಿಯಲ್ಲಿ ಪ್ರಕಟವಾದರೆ ಅವನ ಬಳಿ ಉಳಿಯುವುದು ಚೀಲ ಮಾತ್ರ. ಬೆಲೆ ಸ್ಥಿರೀಕರಣದ ಹೆಸರಿನಲ್ಲಿ ನಡೆಯುವ ಈ ಸಮಯದ ತಪ್ಪು ನಮ್ಮ ಭಾಗಕ್ಕೆ ಆಗುತ್ತಿರುವ ಅತಿ ದೊಡ್ಡ ಅನ್ಯಾಯಗಳಲ್ಲಿ ಒಂದು ಎಂದೇ ನನ್ನ ಭಾವನೆ.

ಮಿಲ್ಲುಗಳ ಕಥೆಯೂ ದುಡಿಮೆ ಬಂಡವಾಳದ ಕಥೆಯೇ. ತೊಗರಿಯನ್ನು ಸ್ವಚ್ಛ ಮಾಡಿ, ರೋಲರಿನಲ್ಲಿ ಸಿಪ್ಪೆಗೆ ಗೀರು ಹಾಕಿ, ಎಣ್ಣೆ ಹಚ್ಚಿ, ಅಂಗಳದಲ್ಲಿ ದಿನಗಟ್ಟಲೆ ಒಣಗಿಸಿ, ಮತ್ತೆ ನೀರು ಕೊಟ್ಟು ಒಡೆದರೆ ಕ್ವಿಂಟಲ್‌ಗೆ 70ರಿಂದ 75 ಕಿಲೋ ಬೇಳೆ ಸಿಗುತ್ತದೆ. ಉಳಿದ ಚುನ್ನಿ, ಹೊಟ್ಟು ದನಗಳ ಮೇವಿಗೆ. ದಿನಕ್ಕೆ 100 ಕ್ವಿಂಟಲ್ ಒಡೆಯುವ ಮಿಲ್ಲಿಗೆ 7,000ದ ದರದಲ್ಲಿ ದಿನವೊಂದಕ್ಕೆ ಏಳು ಲಕ್ಷದ ಕಾಳು ಬೇಕು. ಸೀಸನ್‌ನಲ್ಲಿ ಎರಡು ತಿಂಗಳ ದಾಸ್ತಾನು ಮಾಡಬೇಕೆಂದರೆ 4.2 ಕೋಟಿ. ಬ್ಯಾಂಕಿನವರು ಮಿಲ್ಲಿನ ಜಾಗದ ಬೆಲೆ ನೋಡಿ ಮಿತಿ ಕಟ್ಟುತ್ತಾರೆ, ಅದು ಇದರ ಹತ್ತಿರಕ್ಕೂ ಬರುವುದಿಲ್ಲ. ಹೀಗಾಗಿ ಸೀಸನ್ ಮುಗಿದ ಕೆಲವು ತಿಂಗಳಿಗೇ ಅನೇಕ ಮಿಲ್ಲುಗಳ ಗೇಟು ಮುಚ್ಚುತ್ತದೆ, ಒಣಗಿಸುವ ಕೆಲಸಕ್ಕೆ ಬರುವ ಹೆಣ್ಣುಮಕ್ಕಳ ಕೂಲಿ ನಿಲ್ಲುತ್ತದೆ, ನಮ್ಮ ಕಾಳು ಬೇಳೆಯಾಗದೆ ಹಾಗೆಯೇ ಲಾರಿ ಏರಿ ಹೊರ ರಾಜ್ಯದ ಮಿಲ್ಲುಗಳಿಗೆ ಹೋಗುತ್ತದೆ. ಬಂದರಿನ ಹತ್ತಿರದ ಮಿಲ್ಲಿಗೆ ಆಮದು ಕಾಳು ವರ್ಷವಿಡೀ ಸಿಗುತ್ತದೆ, ನಮ್ಮವರಿಗೆ ಸಿಗುವುದು ಸೀಸನ್ನಿನದು ಮಾತ್ರ. ಇದರ ನಡುವೆ 2023ರ ಜೂನ್ ಮತ್ತು 2024ರ ಜೂನ್‌ನಲ್ಲಿ ಬಂದ ದಾಸ್ತಾನು ಮಿತಿ ಆದೇಶಗಳು ಮಾಲು ಹಿಡಿಯುವ ಧೈರ್ಯವನ್ನೂ ಕಿತ್ತುಕೊಂಡವು. ಒಂದು ವಿಷಯ ಇಲ್ಲಿ ಹೇಳಲೇಬೇಕು: ಆ ಮಿತಿಗಳು ವ್ಯಾಪಾರಿ, ಮಿಲ್ಲು, ಆಮದುದಾರರಿಗೆ, ಸ್ವಂತ ಬೆಳೆ ಇಟ್ಟುಕೊಂಡ ರೈತನಿಗಲ್ಲ. ರೈತ ಗೋದಾಮಿನಲ್ಲಿಟ್ಟರೆ ಅದೇ ಊರಿನ ಮಿಲ್ಲಿಗೆ ಜುಲೈ, ಆಗಸ್ಟ್‌ನಲ್ಲೂ ಕಾಳು ಸಿಗುತ್ತದೆ. ಇಬ್ಬರ ಹಿತವೂ ಒಂದೇ ಗೋದಾಮಿನಲ್ಲಿದೆ ಎಂಬುದನ್ನು ಇಲ್ಲಿಯ ಮಿಲ್ಲು ಮಾಲೀಕರ ಸಂಘಟನೆಗಳೂ ರೈತ ಸಂಘಟನೆಗಳೂ ಒಟ್ಟಿಗೆ ಕುಳಿತು ಮಾತಾಡಿದ್ದು ಕಡಿಮೆ.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ನಮ್ಮ ಊರಲ್ಲೇ ಇದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಈ ಕಲ್ಯಾಣ ಕರ್ನಾಟಕ ಭಾಗದವು. ಹೋರಾಟದ ಫಲವಾಗಿ ಸಂವಿಧಾನದ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನಮಾನದ 371(ಜೆ) ವಿಧಿ ಬಂತು, ಪ್ರತ್ಯೇಕ ಮಂಡಳಿ ಬಂತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆಯಾಗುತ್ತಿದೆ. ರಸ್ತೆ, ಶಾಲೆ ಕೋಣೆ, ಆಸ್ಪತ್ರೆ ಇವಕ್ಕೆ ಆ ಹಣ ಹೋಗುವುದು ಸರಿಯೇ. ಅದರಲ್ಲಿ ಶೇ 1, ಅಂದರೆ 50 ಕೋಟಿಯನ್ನು ರಸೀದಿ ಸಾಲಗಳ ಮೊದಲ ನಷ್ಟ ಭರಿಸುವ ನಿಧಿಯಾಗಿ ಇಡಲಿ ಎನ್ನುವುದು ನನ್ನ ಒತ್ತಾಯ. ಸಾಲದ ಶೇ 10ರವರೆಗಿನ ನಷ್ಟವನ್ನು ಈ ನಿಧಿ ಹೊರುತ್ತದೆ ಎಂದಾದರೆ ಅದರ ಬೆನ್ನಿಗೆ 500 ಕೋಟಿ ಸಾಲ ನಿಲ್ಲಬಹುದು. ಕ್ವಿಂಟಲ್‌ಗೆ 4,900ರಂತೆ ಅದು ಹತ್ತು ಲಕ್ಷ ಕ್ವಿಂಟಲ್ ತೊಗರಿಯನ್ನು ಜನವರಿಯ ಮಾರುಕಟ್ಟೆಯಿಂದ ಹೊರಗೆ ಹಿಡಿಯುತ್ತದೆ. ಮಾಲಿನ ಬೆಲೆಗೂ ಸಾಲಕ್ಕೂ ನಡುವೆ ಶೇ 30ರ ಮಾರ್ಜಿನ್ ಮೊದಲೇ ಇರುವುದರಿಂದ ದರ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯದೆ ಈ ನಿಧಿಗೆ ಕೈ ಹಚ್ಚುವ ಪ್ರಮೇಯವೇ ಬರುವುದು ಅಪರೂಪ. ಬರೀ ಗೋದಾಮು ಕಟ್ಟಿ ಉದ್ಘಾಟಿಸಿದರೆ ಆಗದು. ಸಾಲ ಕೊಡುವ ಶಾಖೆ, ಪರೀಕ್ಷೆ ಮಾಡುವ ಸಿಬ್ಬಂದಿ ಇಲ್ಲದ ಗೋದಾಮುಗಳಲ್ಲಿ ಈಗಲೂ ಸಿಮೆಂಟ್ ಚೀಲ ಇಟ್ಟಿರುವುದನ್ನು ಕಂಡಿದ್ದೇನೆ.

‘ಗುಲ್ಬರ್ಗ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಸುಣ್ಣದ ಅಂಶವಿರುವ ನಮ್ಮ ಕರಿ ನೆಲದ ಬೇಳೆಗೆ ಬೇರೆಯದೇ ರುಚಿ ಇದೆ, ಅದನ್ನು ಬೇಯಿಸಿದವರಿಗೆ ಹೇಳಬೇಕಾಗಿಲ್ಲ. ಆದರೆ ಹೆಸರಿನ ಬೆಲೆ ರೈತ ಕಂಪನಿಗಳಿಗೆ ಇನ್ನೂ ಹಣವಾಗಿಲ್ಲ. ಕೆಲವರು ಒಂದು ಕಿಲೋ ಪ್ಯಾಕೆಟ್ ಮಾಡಿ ಹೊರಡುತ್ತಾರೆ, 25 ಕಿಲೋವರೆಗಿನ ಲೇಬಲ್ ಹಚ್ಚಿದ ಪ್ಯಾಕೆಟ್‌ಗೆ 2022ರ ಜುಲೈನಿಂದ ಶೇ 5 ಜಿಎಸ್‌ಟಿ ಇದೆ ಎಂದು ವರ್ಷದ ಕೊನೆಗೆ ಗೊತ್ತಾಗುತ್ತದೆ. ದರ ನಿಗದಿ ಮಾಡುವ ಮೊದಲೇ ಅದನ್ನು ಸೇರಿಸಿಕೊಳ್ಳಿ. ಮೊದಲ ಎರಡು ವರ್ಷ ಹಾಸ್ಟೆಲ್, ಖಾನಾವಳಿ, ಕ್ಯಾಟರಿಂಗ್‌ನವರಿಗೆ ದೊಡ್ಡ ಚೀಲದಲ್ಲಿ ಮಾರಿ ಕೈ ಕುದುರಿಸಿಕೊಂಡು ಆಮೇಲೆ ಪ್ಯಾಕೆಟ್‌ಗೆ ಇಳಿಯುವುದು ಕ್ಷೇಮ.

ರೈತರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದಿದೆ: ‘ಗೋದಾಮಿನಲ್ಲಿಟ್ಟು ಆರು ತಿಂಗಳ ಮೇಲೆ ಮಾರಿದರೆ ವ್ಯಾಪಾರ ಅಂತ ತೆರಿಗೆ ಬೀಳುತ್ತದಾ?’ ಇಲ್ಲ. ಸ್ವಂತ ಹೊಲದ ಬೆಳೆ ಯಾವ ತಿಂಗಳು ಮಾರಿದರೂ ಕೃಷಿ ಆದಾಯವೇ. ಬೇರೆಯವರ ಮಾಲು ಕೊಂಡು ಸೇರಿಸಿದರೆ ಮಾತ್ರ ಲೆಕ್ಕ ಬದಲಾಗುತ್ತದೆ.

ಈ ಹಂಗಾಮಿಗೆ ಮಾಡಬಹುದಾದ್ದು ಇಷ್ಟು. ಫ್ರೂಟ್ಸ್ (ರಾಜ್ಯ ಸರ್ಕಾರದ ರೈತರ ನೋಂದಣಿ) ತಂತ್ರಾಂಶದ ಗುರುತಿನ ಸಂಖ್ಯೆಯಲ್ಲಿ ನಿಮ್ಮ ಎಲ್ಲ ಸರ್ವೆ ನಂಬರ್‌ಗಳೂ ಸೇರಿವೆಯೇ ಎಂದು ರಾಶಿಗೆ ಮೊದಲೇ ನೋಡಿಸಿ. 2025–26ಕ್ಕೆ ಬೆಂಬಲ ಬೆಲೆ 8,000 ಇತ್ತು, ನೋಂದಾಯಿಸಿದ ರೈತರ ತೊಗರಿಯನ್ನು ನಾಲ್ಕು ವರ್ಷ ಕೊಳ್ಳುತ್ತೇವೆಂದು ಕೇಂದ್ರ 2025ರಲ್ಲಿ ಹೇಳಿದೆ, ನೋಂದಣಿ ಇಲ್ಲದಿದ್ದರೆ ಎರಡೂ ಇಲ್ಲ. ಎಲ್ಲವನ್ನೂ ಗೋದಾಮಿಗೆ ಹಾಕಬೇಡಿ. ಅರ್ಧ ಮಾರಿ ತುರ್ತಿನ ಬಾಕಿ ತೀರಿಸಿ, ಉಳಿದರ್ಧದ ಮೇಲೆ ರಸೀದಿ ಸಾಲ ಕೇಳಿ. ಒಬ್ಬರೇ ಐದು ಚೀಲ ಒಯ್ಯುವ ಬದಲು ಹತ್ತಾರು ಜನ ಉತ್ಪಾದಕ ಕಂಪನಿಯ ಹೆಸರಿನಲ್ಲಿ ಒಂದು ಲಾರಿ ತುಂಬಿಸಿ. ಶಾಖೆಯವರು ‘ಅಂಥ ಸಾಲ ನಮ್ಮಲ್ಲಿಲ್ಲ’ ಅಂದರೆ ಆ ಮಾತನ್ನು ಬರೆದು ಕೊಡಲು ಕೇಳಿ, ಅದರ ಪ್ರತಿಯನ್ನು ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಕಳಿಸಿ. ಮುಂದಿನ ಬ್ಯಾಂಕರುಗಳ ಸಭೆಯಲ್ಲಿ ಅವರು ಅದನ್ನು ಮೇಜಿನ ಮೇಲೆ ಇಡಬೇಕಾಗುತ್ತದೆ.